ಚುಕ್ಕಿ ಬಿದ್ದ ಚಳಿಗಾಲ

ಮೊನ್ನೆ ತವರೂರು ಹುಲಿಹೈದರದ ನಮ್ಮ ಹಿತ್ತಲಲ್ಲಿ ದಾಳಿಂಬೆ ಸಿಪ್ಪೆ ಕುದಿಯಲು ಇಟ್ಟಿದ್ದೆ. ಒಣಗಿದ ಸಿಪ್ಪೆಗೆ ಮೊದಲ ಕುದಿ ಬಂದಾಗ ಒಂದು ಒಗರು ವಾಸನೆ ಏಳುತ್ತದೆ. ನಾಲಿಗೆಗೆ ತಾಕದೆಯೇ ಬಾಯಿ ಕಟ್ಟಿದಂತಾಗುತ್ತದೆ. ಬೇರೆಯವರಿಗೆ ಅದು ಬರೀ ಸಿಪ್ಪೆಯ ವಾಸನೆ. ನಾನು ಮಾತ್ರ ಅಲ್ಲಿ ನಿಲ್ಲಲಾರೆ. ಕಲಕುವ ಕೋಲನ್ನು ಹಂಡೆಯಲ್ಲೇ ಬಿಟ್ಟು, ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳ ಹತ್ತಿರ ಹೋಗಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ಏನೂ ಇರುವುದಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೂ ನೋಡುತ್ತೇನೆ. ಕಟ್ಟೆಯ ಮೇಲೆ ಕೂತ ನಮ್ಮವ್ವ, "ಮತ್ತ ಶುರು ಆತು ನೋಡು ಇಕಿದು," ಎಂದು ಗೊಣಗುತ್ತಾಳೆ.

ನಾನು ಹುಟ್ಟಾ ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಯಾರೋ ಹೋದರು ಅಂತಲೇ ನನ್ನ ಲೆಕ್ಕ. ಬಸ್ಸು ಜೋರಾಗಿ ತಿರುಗಿದರೆ ಮುಂದಿನ ಸೀಟಿನ ಕಂಬಿಯನ್ನು ಬಿಡುವವಳಲ್ಲ. ಮದುವೆಯಾಗಿ ಹೋದ ಮನೆಯಲ್ಲಿ ನನ್ನ ಅಂಜಿಕೆ ಎಲ್ಲರಿಗೂ ಒಂದು ತಮಾಷೆಯಾಗಿತ್ತು. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹೆದರಿದ್ದು ಸುಳ್ಳಾದಾಗ ಆಗುವ ಸುಖ ಹೆದರುವವರಿಗೇ ಗೊತ್ತು. ಆ ಒಂದು ಚಳಿಗಾಲದಲ್ಲಿ ಮಾತ್ರ ನನಗೆ ಆ ಸುಖ ಸಿಗಲಿಲ್ಲ.

ಗಂಡನ ಊರು ಕೊಪ್ಪಳದಿಂದ ಹೊಸಪೇಟೆ ಕಡೆಗೆ ಹೋಗುವ ಹೆದ್ದಾರಿಯ ಬದಿಗೆ. ಹೆಸರು ಬೇಡ ಬಿಡಿ. ಊರು ದಾಟಿದರೆ ಕಬ್ಬಿಣದ ಕಾರ್ಖಾನೆ. ನಮ್ಮವರು ಅಲ್ಲಿ ಅದಿರು ತುಂಬುವ ಯಂತ್ರ ಓಡಿಸುತ್ತಿದ್ದರು. ಊರಿನಲ್ಲಿ ಆ ಕೆಲಸಕ್ಕೆ ಮರ್ಯಾದೆ ಇತ್ತು, ಅವರಿಗೂ ಅದರ ಮೇಲೆ ಅಭಿಮಾನ. ಸಂಜೆ ಮನೆಗೆ ಬಂದಾಗ ಹುಬ್ಬು, ಕಿವಿ, ಕಾಲರು ಎಲ್ಲ ಕಪ್ಪು. ಬಚ್ಚಲಿಗೆ ಹೋಗುವ ಮೊದಲು ಮಗಳು ಪಾರುವಿನ ಕೆನ್ನೆಗೆ ಒಂದು ಬೆರಳು ಒತ್ತಿ, "ದೃಷ್ಟಿಬೊಟ್ಟು ಆತು," ಎಂದು ನಗುತ್ತಿದ್ದರು.

ಹೊರಗಿನಿಂದ ಹೋದವಳಿಗೆ ಆ ಊರಿನಲ್ಲಿ ಜೀವ ಹತ್ತಿದ್ದು ಖಾಜಾಬಿ ಚಾಚಿಯಿಂದ. ನಮ್ಮ ಓಣಿಯ ಕೊನೆಯ ಮನೆ ಅವರದು. ಹಿಂದೆ ಅವರ ಮನೆತನದವರೆಲ್ಲ ರುಮಾಲು, ಸೀರೆಗಳಿಗೆ ಬಣ್ಣ ಹಾಕುವವರು. ಪುಡಿ ಬಣ್ಣ ಬಂದ ಮೇಲೆ ಆ ಕೆಲಸ ನಿಂತಿತ್ತು. ಆನೆಗೊಂದಿ, ಸಾಣಾಪುರದ ಕಡೆ ಹೊರಗಿನ ಜನ ಪ್ರವಾಸಕ್ಕೆ ಬರಲು ಶುರುವಾಗಿ, ಗಿಡದ ಬಣ್ಣದ ಬಟ್ಟೆ ಬೇಕು ಎಂದು ಅಂಗಡಿಯವರು ಹುಡುಕತೊಡಗಿದಾಗ ಚಾಚಿ ಅಟ್ಟದಿಂದ ತಾಮ್ರದ ಹಂಡೆಗಳನ್ನು ಇಳಿಸಿದರಂತೆ. ದಾಳಿಂಬೆ ಸಿಪ್ಪೆ, ಮುತ್ತುಗದ ಹೂವು, ಅರಿಷಿಣ, ಮಂಜಿಷ್ಠದ ಬೇರು. ನಾನು ಪಾರುವನ್ನು ಕಂಕುಳಲ್ಲಿಟ್ಟುಕೊಂಡು ಸುಮ್ಮನೆ ನೋಡಲು ಹೋದವಳು ಒಂದೆರಡು ವಾರದಲ್ಲಿ ಕೈ ಹಾಕಿ ಕಲಕುವವಳಾದೆ. ಅಂಗಳದ ಬೇವಿನ ಮರಕ್ಕೆ ಜೋಳಿಗೆ ಕಟ್ಟಿ ಮಗುವನ್ನು ಮಲಗಿಸಿದರೆ ಮಧ್ಯಾಹ್ನದವರೆಗೆ ಚಿಂತೆ ಇರುತ್ತಿರಲಿಲ್ಲ.

ಚಾಚಿಯ ಅಂಗಳಕ್ಕೆ ಒಂದು ಕಟ್ಟಳೆ ಇತ್ತು. ಕಬ್ಬಿಣ ಒಳಗೆ ಬರಕೂಡದು. ಬಾಗಿಲ ಬದಿಗೆ ಒಂದು ಕಟ್ಟಿಗೆಯ ಗೂಟ. ಬಂದವರು ಕೀಲಿಕೈ, ಸೆರಗಿನ ಪಿನ್ನು, ಕೂದಲ ಪಿನ್ನು ಎಲ್ಲ ಅಲ್ಲಿ ತೂಗುಹಾಕಿದ ಚೀಲಕ್ಕೆ ಹಾಕಿ ಒಳಗೆ ಬರಬೇಕು. ಬಾವಿಯಿಂದ ನೀರು ಸೇದುವ ಕೊಡ ಹಿತ್ತಾಳೆಯದು, ಬಟ್ಟೆ ಒಣಹಾಕುವುದು ನೂಲಿನ ಹಗ್ಗದ ಮೇಲೆ. ಯಾಕೆಂದು ಕೇಳಿದಾಗ ಚಾಚಿ ನನ್ನನ್ನು ಓಣಿಗೆ ಕರೆದುಕೊಂಡು ಹೋಗಿ ಗೋಡೆಯ ಹೊರಗೆ ಇಟ್ಟಿದ್ದ ಒಂದು ಗಡಿಗೆ ತೋರಿಸಿದರು. ಅದರೊಳಗೆ ಎತ್ತಿನ ಹಳೆಯ ಲಾಳ, ಬೆಲ್ಲ, ನೀರು. ಹುಳಿ ಬಂದು ನಾರುತ್ತಿತ್ತು.

"ಬಟ್ಟಿಗೆ ಮೊದಲ ಅಳಲಿಕಾಯಿ ನೀರು ಕುಡಸ್ತೀವಲ್ಲಾ, ಬಣ್ಣ ಹಿಡೀಲಿ ಅಂತ? ಆ ಬಟ್ಟಿಗೆ ಕಬ್ಬಿಣ ತಾಕಿದ್ರ ಕರ್ರಗ ಆಕ್ಕೈತಿ. ಕರೀ ಬಣ್ಣ ಬೇಕಂದ್ರ ಈ ಗಡಗಿ. ಬ್ಯಾಡಂದ್ರ ಒಂದ ಸೂಜಿ ಮೊನಿ ಸೈತ ತಾಕಬಾರದು. ಆಮ್ಯಾಲೆ ಯಾವ ಹೊಳಿಯಾಗ ತೊಳದ್ರೂ ಹೋಗಂಗಿಲ್ಲ ಬೇಟಿ," ಎಂದಿದ್ದರು.

ದೀಪಾವಳಿ ಕಳೆದು ಚಳಿ ಹಿಡಿದಾಗ ಸಾಣಾಪುರದ ಕೆರೆಯ ಹತ್ತಿರದ ಒಂದು ಅಂಗಡಿಯಿಂದ ದೊಡ್ಡ ಕೆಲಸ ಬಂತು. ದಾಳಿಂಬೆ ಸಿಪ್ಪೆಯ ತಿಳಿ ಹಳದಿ ಶಾಲುಗಳು. ಒಂದು ಕಲೆಯೂ ಇರಬಾರದು. ನಾವು ಬಟ್ಟೆ ಒಗೆದು, ಅಳಲೆಕಾಯಿಯ ನೀರಿನಲ್ಲಿ ನೆನೆಹಾಕಿ, ಹಿಂಡಿ, ಸಂಜೆ ಮಾಳಿಗೆಯ ಮೇಲೆ ಹರಡಿ ಬಂದೆವು. ಮಾರನೆಯ ಬೆಳಿಗ್ಗೆ ಹೋದಾಗ ಚಾಚಿ ಮೇಲಿನಿಂದ ನನ್ನನ್ನು ಕರೆದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಚಾಚಿ ಬೈಯದೆ ಮಾತಾಡುವವರೇ ಅಲ್ಲ, ಅದಕ್ಕೇ ನಾನು ಓಡುತ್ತಲೇ ಮೆಟ್ಟಿಲು ಹತ್ತಿದೆ.

ಬಟ್ಟೆಗಳ ತುಂಬ ಕಪ್ಪು ಚುಕ್ಕಿ. ಮೆಣಸು ಕುಟ್ಟಿ ಉದುರಿಸಿದ ಹಾಗೆ, ಸಣ್ಣ ಸಣ್ಣವು, ಒಂದೊಂದರ ಸುತ್ತಲೂ ಮಂಜಾದ ಬೂದು ಉಂಗುರ. ಚಾಚಿ ಬೆರಳಿಗೆ ಉಗುಳು ಹಚ್ಚಿ ಉಜ್ಜಿದರು. ಚುಕ್ಕಿ ಹೋಗಲಿಲ್ಲ, ಇನ್ನಷ್ಟು ಅಗಲವಾಯಿತು.

"ಕಬ್ಬಿಣ ಬಂದೈತಿ ಒಳಗ. ನೀ ತಂದಿಲ್ಲ, ನಾ ತಂದಿಲ್ಲ. ಮತ್ತ್ಯಾರು?" ಎಂದರು.

ಅಂಗಳವನ್ನೆಲ್ಲ ಹುಡುಕಿದೆವು. ಕೊನೆಗೆ ಪಾರುವಿನ ಜೋಳಿಗೆಯಲ್ಲಿ, ಹಾಸಿದ ಕೌದಿಯ ಮಡಿಕೆಯೊಳಗೆ, ಅರಿವೆಯಲ್ಲಿ ಸುತ್ತಿದ ಒಂದು ತುಣುಕು ಸಿಕ್ಕಿತು. ಮುರಿದ ಕುಡುಗೋಲಿನ ತುದಿ. "ನನಗ ಗೊತ್ತಿಲ್ಲ ಚಾಚಿ, ಇದರ ಮ್ಯಾಲೆ ಆಣಿ," ಎಂದು ಮಗುವಿನ ತಲೆ ಮುಟ್ಟಲು ಹೋದಾಗ ಚಾಚಿಯೇ ನನ್ನ ಕೈ ಹಿಡಿದರು.

"ಕೂಸಿನ ಮ್ಯಾಲೆ ಆಣಿ ಹಾಕಬ್ಯಾಡ. ಇದು ನಿಮ್ಮತ್ತಿ ಕೆಲಸ," ಎಂದು ನಕ್ಕುಬಿಟ್ಟರು. ಹೌದು, ಅತ್ತೆಯದೇ ಕೆಲಸ. ಹಸುಗೂಸಿನ ಹತ್ತಿರ ಕಬ್ಬಿಣ ಇದ್ದರೆ ಕೆಟ್ಟದ್ದು ಸೋಕುವುದಿಲ್ಲ ಎಂದು ಹಿರಿಯರು ಇಡುತ್ತಾರಲ್ಲ, ಹಾಗೆ. ಚಾಚಿಯ ಕಟ್ಟಳೆ ಗೊತ್ತಿದ್ದರಿಂದ ನನಗೆ ಹೇಳದೆ ಕೌದಿಯೊಳಗೆ ಇಟ್ಟಿದ್ದರು.

ಮನೆಗೆ ಹೋಗಿ ಆ ತುಣುಕನ್ನು ಅವರ ಕೈಗೆ ಕೊಟ್ಟೆ. ಅತ್ತೆ ಅದನ್ನು ಕಣ್ಣಿಗೆ ಒತ್ತಿಕೊಂಡು, "ಬಟ್ಟಿ ಹೆಚ್ಚಾತೇನು ನಿನಗ, ಕೂಸು ಹೆಚ್ಚಾತೇನು?" ಎಂದು ಕೇಳಿದರು. ನಿಜ ಹೇಳಬೇಕೆಂದರೆ ನನಗೆ ನಿರಾಳವಾಗಿತ್ತು. ಕಾರಣ ಸಿಕ್ಕಿತಲ್ಲ, ಅಷ್ಟು ಸಾಕಾಗಿತ್ತು.

ಹೊಸ ಬಟ್ಟೆಗೆ ಮತ್ತೆ ಅಳಲೆ ನೀರು ಕುಡಿಸಿ ಮಾಳಿಗೆಯ ಮೇಲೆ ಹರಡಿದೆವು. ಬೆಳಿಗ್ಗೆ ನೋಡಿದರೆ ಮೊದಲಿಗಿಂತ ಹೆಚ್ಚು ಚುಕ್ಕಿ. ಅದೇ ವಾರ ಪಾರುವಿಗೆ ಕೆಮ್ಮು ಶುರುವಾಯಿತು. ಮೊದಲು ಒಣ ಕೆಮ್ಮು, ಆಮೇಲೆ ಎದೆಯಲ್ಲಿ ಗೊರಗೊರ. ಹಾಲು ಕುಡಿಯುತ್ತಾ ಕುಡಿಯುತ್ತಾ ಬಿಟ್ಟು, ಉಸಿರಿಗಾಗಿ ಬಾಯಿ ತೆರೆದು ನನ್ನ ಮುಖ ನೋಡುತ್ತಿದ್ದಳು. ನಾನೇನೋ ಮಾಡುತ್ತೇನೆ ಎಂದು ನಂಬಿ ನೋಡುವ ನೋಟ ಅದು. ನನಗೆ ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ.

"ಕಬ್ಬಿಣ ತಗದಿ, ಈಗ ಅನುಭವಿಸು," ಎಂದರು ಅತ್ತೆ. ನಾನು ನಂಬಿದೆ. ಯಾಕೆ ನಂಬಬಾರದು? ತುಣುಕು ತೆಗೆದದ್ದು, ಕೆಮ್ಮು ಬಂದದ್ದು ಒಂದರ ಹಿಂದೆ ಒಂದು. ಅಂದಿನಿಂದ ಮಗುವಿನ ಉಡಿದಾರಕ್ಕೆ ಕಬ್ಬಿಣದ ಉಂಗುರ ಕಟ್ಟಿದೆ. ಚಾಚಿಯ ಬಾಗಿಲಲ್ಲಿ ಬಿಚ್ಚಿ ಗೂಟದ ಚೀಲಕ್ಕೆ ಹಾಕುವುದು, ಹೊರಗೆ ಬರುವಾಗ ಮತ್ತೆ ಕಟ್ಟುವುದು. ಬಿಚ್ಚಿದಷ್ಟು ಹೊತ್ತು ಕೈ ಕೆಲಸದ ಮೇಲೆ, ಕಿವಿ ಜೋಳಿಗೆಯ ಮೇಲೆ.

ಓಣಿಯಲ್ಲಿ ಮಾತು ಹುಟ್ಟಿತು. ಖಾಜಾಬಿಯ ಏಳಿಗೆ ಕಂಡು ಆಗದವರು ಮಾಟ ಮಾಡಿಸಿದ್ದಾರೆ, ಆ ಮನೆಯೊಳಗೆ ಹೋದ ಕೂಸಿಗೂ ತಟ್ಟಿದೆ ಎಂದು. ನಾನು ಹೊಸ್ತಿಲ ಮೂಲೆಯಲ್ಲಿ ಲಿಂಬೆಹಣ್ಣು, ಕೂದಲು ಹುಡುಕತೊಡಗಿದೆ. ಹಣಮಪ್ಪನ ಗುಡಿಗೆ ಹೋಗಿ ಬಂದೆ, ದರ್ಗಾಕ್ಕೂ ಹೋಗಿ ನವಿಲುಗರಿ ಮುಟ್ಟಿಸಿಕೊಂಡು ಬಂದೆ. ಕೊಪ್ಪಳದಲ್ಲಿ ಮಕ್ಕಳ ಡಾಕ್ಟರಿಗೂ ತೋರಿಸಿದೆ. ಅವರು ಎದೆಗೆ ಕೊಳವೆ ಇಟ್ಟು ನೋಡಿ ಔಷಧ ಬರೆದು, "ಧೂಳಿಗೆ ಬಿಡಬ್ಯಾಡ್ರಿ," ಎಂದರು. ಎಲ್ಲ ಮಕ್ಕಳಿಗೂ ಹೇಳುವ ಮಾತು ಎಂದುಕೊಂಡು ನಾನು ಅದನ್ನು ಅಲ್ಲೇ ಬಿಟ್ಟು ಬಂದೆ.

ಚಾಚಿಗೆ ಮಾಟದ ಮಾತು ಹಿಡಿಸಲಿಲ್ಲ. "ನನಗ ಮಾಟ ಮಾಡಸಾಕ ಯಾರ ಕಡೆ ಅಷ್ಟ ಪುರಸತ್ತ ಐತಿ?" ಎಂದು ಒಂದು ದಿನ ಒಂದೇ ಬಟ್ಟೆಯನ್ನು ಮೂರು ತುಂಡು ಹರಿದರು. ಮೂರಕ್ಕೂ ಒಂದೇ ಗಂಗಾಳದ ಅಳಲೆ ನೀರು. ಒಂದನ್ನು ಒಳಕೋಣೆಯಲ್ಲಿ ಬಾಗಿಲು ಮುಚ್ಚಿ ಹಾಕಿದರು, ಒಂದನ್ನು ಬೇವಿನ ಕೆಳಗೆ, ಇನ್ನೊಂದನ್ನು ಮಾಳಿಗೆಯ ಮೇಲೆ. ಮಾರನೆಯ ಬೆಳಿಗ್ಗೆ ಮಂಜು ಕವಿದಿತ್ತು. ಕಾರ್ಖಾನೆಯ ಹೊಗೆಕೊಳವೆಗಳು ಕಾಣುತ್ತಿರಲಿಲ್ಲ. ಮಾಳಿಗೆಯ ತುಂಡಿಗೆ ಚುಕ್ಕಿ ಕಿಕ್ಕಿರಿದಿತ್ತು. ಬೇವಿನ ಕೆಳಗಿನದಕ್ಕೆ ಅದಕ್ಕಿಂತ ಕಡಿಮೆ. ಕೋಣೆಯೊಳಗಿನದಕ್ಕೆ ಅಲ್ಲೊಂದು ಇಲ್ಲೊಂದು. ಚಾಚಿ ಮಾಳಿಗೆಯ ಮೂಲೆಯನ್ನು ಸೆರಗಿನಿಂದ ಗುಡಿಸಿ ಅಂಗೈಗೆ ಹಾಕಿಕೊಂಡರು. ಕರಿ ಪುಡಿ, ನಡುನಡುವೆ ಮಿಣುಕು. ಅದನ್ನು ಒದ್ದೆ ಬಟ್ಟೆಯ ಮೇಲೆ ಚಿಟಿಕೆ ಉದುರಿಸಿ, ನಾವಿಬ್ಬರೂ ಕೂತು ನೋಡಿದೆವು. ಚಹಾ ಕುಡಿಯುವಷ್ಟರಲ್ಲಿ ಪುಡಿ ಬಿದ್ದಲ್ಲೆಲ್ಲ ಕಪ್ಪು ಮೂಡಿತು.

ಚಾಚಿ ಅಂಗೈಯಲ್ಲಿ ಉಳಿದ ಪುಡಿಯನ್ನು ಕೊಡವಿದರು. ಆಮೇಲೆ ಕಾರ್ಖಾನೆಯ ದಿಕ್ಕಿನ ಆಕಾಶದ ಕಡೆ ನೋಡಿ, "ಕಬ್ಬಿಣ ಹೊರಗ ಬಿಟ್ಟ ಬಾ ಅಂತ ಈಗ ಯಾರಿಗೆ ಹೇಳಲಿ?" ಎಂದರು.

ನಾನು ಜೋಳಿಗೆಯ ಕಡೆ ನೋಡಿದೆ. ಮಗು ಬಾಯಿ ತೆರೆದು ಮಲಗಿತ್ತು. ಮಾಟವಾದರೂ ಆಗಿರಬಾರದಿತ್ತೇ ಎನಿಸಿತು. ಮಾಟವಾದರೆ ತೆಗೆಸುವವರು ಇರುತ್ತಾರೆ.

ಸಂಜೆ ನಮ್ಮವರ ಮುಂದೆ ಆ ಮೂರು ತುಂಡು ಇಟ್ಟೆ. ಅವರು ಚಹಾ ಲೋಟ ಹಿಡಿದುಕೊಂಡೇ ನೋಡಿದರು.

"ನೋಡು, ನಾ ಇಡೀ ದಿನ ಅದರಾಗ ಇರ್ತೀನಿ. ನನಗೇನರ ಆಗೈತೇನು? ಎತ್ತಿನಂಗ ಅದೀನಿ. ಊರಾಗ ಮಂದಿ ಇಲ್ಲೇನು, ಅವರ ಕೂಸು ಇಲ್ಲೇನು? ಸುಮ್ಮನ ಅಂಜಿ ಸಾಯಬ್ಯಾಡ," ಎಂದರು.

"ಕೂಸಿಗೆ ಉಸಿರು ಹತ್ತತೈತ್ರಿ."

"ಚಳಿಗೆ ಎಲ್ಲಾ ಕೂಸಿಗೂ ಹತ್ತತೈತಿ. ಬ್ಯಾಸಗಿಗೆ ತಾನ ಹೋಗತೈತಿ."

ಅವರು ಒರಟಾಗಿ ಹೇಳಿದ್ದಲ್ಲ. ನನ್ನ ತಲೆ ಸವರಿಯೇ ಹೇಳಿದರು. ನನಗೂ ಅವರ ಮಾತೇ ನಿಜವಾಗಬೇಕಿತ್ತು. ಅವರು ನಕ್ಕಾಗಲೆಲ್ಲ ನನಗೆ ಸ್ವಲ್ಪ ಉಸಿರು ಬಂದಂತಾಗುತ್ತಿತ್ತು. ಇದೆಲ್ಲ ನನ್ನ ಅಂಜುಬುರುಕತನವೇ ಆಗಿರಲಿ ದೇವರೇ, ಊರೆಲ್ಲ ನಗಲಿ, ನನಗೇನೂ ಬೇಸರವಿಲ್ಲ ಎಂದು ಕೈ ಮುಗಿಯುತ್ತಿದ್ದೆ.

ಚುಕ್ಕಿಯ ಶಾಲುಗಳನ್ನು ಏನು ಮಾಡುವುದು? ಚಾಚಿ ಅವನ್ನು ಹಾಗೇ ದಾಳಿಂಬೆ ಸಿಪ್ಪೆಯ ನೀರಿಗೆ ಹಾಕಿ, ಬೈಸಿಕೊಂಡರಾಯಿತು ಎಂದು ಸಾಣಾಪುರಕ್ಕೆ ಕಳಿಸಿದರು. ಮೂರು ದಿನಕ್ಕೆ ಅಂಗಡಿಯ ಒಡತಿ ಫೋನು ಮಾಡಿದರು. ಚಾಚಿ ಸ್ಪೀಕರ್ ಹಾಕಿದರು, ನಾನು ಪಕ್ಕದಲ್ಲೇ ಇದ್ದೆ.

"ಆ ಚುಕ್ಕಿ ಹೆಂಗ ಹಾಕಿದ್ರಿ ಖಾಜಾಬಿ? ಭಾಳ ಛಲೋ ಬಂದಾವು. ಎಲ್ಲಾ ಹೋದುವು. ಇನ್ನಷ್ಟು ಅಂಥವ ಬೇಕ್ರಿ, ಚುಕ್ಕಿ ಸ್ವಲ್ಪ ದಟ್ಟ ಇದ್ರೂ ನಡೀತೈತಿ," ಎಂದಿತು ಆ ದನಿ.

ಚಾಚಿ ಫೋನು ಇಟ್ಟು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು, ಆಮೇಲೆ ಆ ನೀರು ನಿಲ್ಲಲೇ ಇಲ್ಲ. ನನಗೆ ನಗು ಬರಲಿಲ್ಲ. ಯಾರೋ ನಮ್ಮೂರಿನ ಗಾಳಿಯನ್ನು ಹೆಗಲ ಮೇಲೆ ಹೊದ್ದು ಕೆರೆಯ ದಂಡೆಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ ಎಂಬುದು ಕಣ್ಣಿಗೆ ಕಟ್ಟಿತು.

ಆಮೇಲಿನ ದಿನಗಳಲ್ಲಿ ನಾನು ಮಗುವನ್ನು ಹೊರಗೆ ತರುವುದನ್ನೇ ಬಿಟ್ಟೆ. ಮನೆಯ ಕಿಟಕಿ ಮುಚ್ಚಿದೆ, ಸಂದಿಗೆ ಹಳೆಯ ಅರಿವೆ ತುರುಕಿದೆ. ಕೋಣೆ ಕತ್ತಲಾಯಿತು ಎಂದು ಅತ್ತೆ ಗೊಣಗಿದರು. ತೊಟ್ಟಿಲಿಗೆ ಪರದೆ ಬೇಕಿತ್ತು; ಅಳಲೆ ನೀರು ಕುಡಿಸಿ ಒಳಗೇ ಒಣಗಿಸಿದ್ದ ಒಂದು ಬಟ್ಟೆ ಚಾಚಿಯ ಮನೆಯಲ್ಲಿ ಉಳಿದಿತ್ತು, ಬಣ್ಣ ಹಾಕಿರಲಿಲ್ಲ. ಅದನ್ನೇ ತಂದು ಕಟ್ಟಿದೆ. ಪಾರುವಿಗೆ ಹಲ್ಲು ಬರುವ ಸಮಯ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಎಳೆದುಕೊಳ್ಳುತ್ತಿದ್ದಳು.

ಸಂಕ್ರಮಣ ಮುಗಿದ ಮೇಲೆ ಒಂದು ಬೆಳಿಗ್ಗೆ ಒಗೆಯಲು ಆ ಪರದೆ ಬಿಚ್ಚಿದೆ. ಬಟ್ಟೆಯೆಲ್ಲ ಅಳಲೆ ನೀರಿನ ತಿಳಿ ಹಳದಿಯಾಗಿಯೇ ಇತ್ತು. ಒಂದು ಅಂಚು ಮಾತ್ರ ಕಪ್ಪಾಗಿತ್ತು. ಅವಳು ಚೀಪಿದ ಅಂಚು. ಅವಳ ಬಾಯಿಯಷ್ಟೇ ಅಗಲ.

ಬಟ್ಟೆಯ ಬೇರೊಂದು ಮೂಲೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಅವಳ ಮೂಗನ್ನು ಮೆಲ್ಲಗೆ ಒರೆಸಿದೆ. ಅವಳು ಆಟವೆಂದುಕೊಂಡು ನಕ್ಕಳು. ಆ ಮೂಲೆಯನ್ನು ಹೊಸ್ತಿಲ ಮೇಲೆ ಬೆಳಕಿಗೆ ಹಾಸಿ ಪಕ್ಕದಲ್ಲಿ ಕೂತೆ. ಕೂತಲ್ಲೇ ಬೇಡ ಬೇಡ ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಕ್ಕಪಕ್ಕ ಎರಡು ಚುಕ್ಕಿ ಮೂಡಿದವು. ಬಾಗಿಲು ಮುಚ್ಚಿದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದ ಕೂಸು.

ಬಟ್ಟೆ ಹಿಡಿದುಕೊಂಡು ಚಾಚಿಯ ಮನೆಗೆ ಓಡಿದೆ. ಅವರು ನೋಡಿ, ಏನೂ ಕೇಳದೆ, "ತವರಮನಿಗೆ ಹೋಗು," ಎಂದರು.

"ನೀವು?"

"ನನಗ ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾಗೂದೈತಿ. ಇನ್ನ ಮ್ಯಾಲೆ ಬರೇ ಕರೀ ಬಣ್ಣ ಮಾಡ್ತೀನಿ. ಲಾಳ ಬ್ಯಾಡ, ಬೆಲ್ಲ ಬ್ಯಾಡ, ಫುಕಟ್ ಬರ್ತೈತಿ," ಎಂದು ನನ್ನನ್ನು ನಗಿಸಲು ನೋಡಿದರು. ನಾನು ಅವರ ಹೆಗಲ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ.

ಸಂಜೆ ನಮ್ಮವರಿಗೆ ತೋರಿಸಿದೆ. "ಕಾಡಗಿ ಹಚ್ಚೀರಿ ಕೂಸಿಗೆ. ಅದ ಇರಬೇಕು," ಎಂದರು.

"ಮೂಗಿನಾಗ ಯಾರು ಕಾಡಗಿ ಹಚ್ತಾರ್ರಿ?"

ಅವರು ಬಟ್ಟೆಯನ್ನು ಮಡಚಿ ಬದಿಗಿಟ್ಟರು. ಅತ್ತೆಯೂ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಊಟವಾದ ಮೇಲೆ ನಮ್ಮವರು, "ನಾಕ ದಿನ ಹೋಗಿ ಬಾ. ನಿನ್ನ ಅಂಜಿಕಿ ಇಳೀಲಿ," ಎಂದರು. ಮಗುವಿಗಾಗಿ ಎನ್ನಲಿಲ್ಲ, ನನ್ನ ಅಂಜಿಕೆಗಾಗಿ ಎಂದರು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಹೊರಡುವ ದಿನ ಬೆಳಿಗ್ಗೆ ಬಚ್ಚಲಿಗೆ ಹೋದಾಗ ಕಲ್ಲಿನ ಮೇಲೆ ಆ ಬಟ್ಟೆ ಬಿದ್ದಿತ್ತು. ಉಳಿದಿದ್ದ ಒಂದು ಮೂಲೆಯನ್ನು ಯಾರೋ ಒದ್ದೆ ಮಾಡಿ ಮೂಗು ಒರೆಸಿಕೊಂಡಿದ್ದರು. ಅಲ್ಲಿ ಮೂಡಿದ ಕಪ್ಪು ಮಗುವಿನದಕ್ಕಿಂತ ಬಹಳ ದೊಡ್ಡದು. ನನಗಿಂತ ಮೊದಲು ಎದ್ದವರು ನಮ್ಮವರೊಬ್ಬರೇ.

ಮುಂದಿನದು ಇಷ್ಟೇ: ಅವರು ಕೆಲಸ ಬಿಟ್ಟು ಹುಲಿಹೈದರಕ್ಕೆ ಬರಲು ಮಳೆಗಾಲ ಬರಬೇಕಾಯಿತು. ಪಾರು ಈಗ ಶಾಲೆಗೆ ಹೋಗುತ್ತಾಳೆ, ಓಡಿದರೆ ಸ್ವಲ್ಪ ಬೇಗ ನಿಲ್ಲುತ್ತಾಳೆ. ಆದರೆ ಆ ಚಳಿಗಾಲವೆಂದರೆ ನನಗೆ ನೆನಪಾಗುವುದು ಕೊಪ್ಪಳದ ಬಸ್ ನಿಲ್ದಾಣ. ಗಂಗಾವತಿ ಬಸ್ಸಿನ ಕಿಟಕಿಯ ಪಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಅವರು ಕೆಳಗೆ ನಿಂತಿದ್ದರು, ಒಗೆದ ಅಂಗಿ, ಬಾಚಿದ ತಲೆ. ಪಾರು ಕಂಬಿಯ ನಡುವಿನಿಂದ ಅಪ್ಪನ ಕಡೆ ಕೈ ಚಾಚಿ ಬೆರಳು ಆಡಿಸಿದಳು. ಅವರು ಕೈ ಎತ್ತಿದರು, ಅವಳ ಬೆರಳಿನ ಹತ್ತಿರ ತಂದು ನಿಲ್ಲಿಸಿದರು. ತಮ್ಮ ಅಂಗೈ ನೋಡಿಕೊಂಡರು, ಉಗುರು ನೋಡಿಕೊಂಡರು. ಪ್ಯಾಂಟಿಗೆ ಒರೆಸಿ ಮತ್ತೆ ನೋಡಿದರು. ಆಮೇಲೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಕೈ ಹೊಲಸ ಐತಿ," ಎಂದರು.

"ಈಗರ ಜಳಕಾ ಮಾಡಿ ಬಂದೀರಲ್ರಿ," ಎಂದೆ.

"ಆದ್ರೂ," ಎಂದು ಕಿಟಕಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

ಇದೆಲ್ಲ ನನ್ನ ಅಂಜುಬುರುಕತನವೇ ಇದ್ದೀತು ಎಂಬ ಒಂದು ಆಸೆಯನ್ನು ನಾನು ಆ ಗಳಿಗೆಯವರೆಗೂ ಉಳಿಸಿಕೊಂಡಿದ್ದೆ. ಅವರು ಆ ಹೆಜ್ಜೆ ಹಿಂದಿಟ್ಟಾಗ ಅದೂ ಹೋಯಿತು.